ಹಿತ್ತಾಳೆ ಬಿಲ್ಲೆ

ಹೀಯುಮಾ ದ್ವೀಪದಲ್ಲಿ ನವೆಂಬರ್ ಅಂದರೆ ನಾಲ್ಕಕ್ಕೇ ಕತ್ತಲೆ.
ಬಂದರಿನ ಹಿಂದಿನ ಹಳೇ ಉಣ್ಣೆ ಗೋದಾಮೇ
ಈಗ ನಮ್ಮ ರಂಗಮಂದಿರ.
ಹೀಟರು ಕಾದಂತೆ ಗೋಡೆಯೊಳಗಿಂದ
ಇವತ್ತಿಗೂ ಕುರಿ ನಾತ ಏಳುತ್ತದೆ.
ಹೊರಗಿನಿಂದ ಬಂದ ನಟರು ಮೂಗು ಮುಚ್ಚುತ್ತಾರೆ;
ನಮಗೆ ಅದೇ ಮೊದಲ ಗಂಟೆ.

ಕೋಟು ತೊಟ್ಟು ಒಳಗೆ ಹೋಗುವಂತಿಲ್ಲ.
ಬಾಗಿಲ ಪಕ್ಕದ ಕಟೆಕಟೆಯ ಹಿಂದೆ ಹೆಲ್ವೆ.
ಕೋಟು ಕೊಟ್ಟರೆ ಹಿತ್ತಾಳೆ ಬಿಲ್ಲೆ ಕೊಡುತ್ತಾಳೆ.
ನನ್ನದು ಯಾವಾಗಲೂ ಮೂವತ್ತೊಂದು,
ಕೇಳಿ ಪಡೆದದ್ದಲ್ಲ, ಹೇಗೋ ರೂಢಿಯಾಗಿದೆ.
ಯಾರ ಗುಂಡಿ ಸಡಿಲ, ಯಾರ ಜೇಬು ತೂತು,
ಯಾರು ಹೆಂಡತಿ ತೀರಿಕೊಂಡ ಮೇಲೂ
ಅವಳ ಮಫ್ಲರು ಸುತ್ತಿಕೊಂಡು ಬರುತ್ತಾರೆ,
ಎಲ್ಲ ಗೊತ್ತು ಅವಳಿಗೆ.
ಮುಖ ಮಾತ್ರ ಮರೆಯುತ್ತಾಳೆ.

ಹತ್ತೊಂಬತ್ತು ವರ್ಷ. ಒಂದಾದರೂ ಆಟ ನೋಡಿದವಳಲ್ಲ.
ಕಾಲುಚೀಲ ಹೆಣೆಯುತ್ತ ಗೋಡೆಯಾಚೆಯಿಂದ ಕೇಳಿದ್ದಷ್ಟೇ.
ಹಾಗೆ ನೋಡಿದರೆ ನಮಗಿಂತ ಹೆಚ್ಚೇ ಕೇಳಿದ್ದಾಳೆ,
ನಾವು ಕೆಮ್ಮಿದ್ದನ್ನೂ.

ಆ ಗುರುವಾರ ಗಾಳಿ.
ದೋಣಿ ಇಲ್ಲವೆಂದು ಬೋರ್ಡು ತಿರುಗಿಸಿಟ್ಟು
ನಾನೇ ಟಿಕೇಟು ಖಿಡಕಿ ಮುಚ್ಚಿ ಬಂದಿದ್ದೆ.
ತಾರ್ತುವಿನಿಂದ ಬಂದ ತಂಡ, ಎರಡನೇ ಪ್ರದರ್ಶನ,
ಮೇಲೆ ನಾಲ್ಕು ಜನ.
ಕೆಳಗೆ ಪಶುವೈದ್ಯ ಎಂಡೆಲ್, ಶಾಲೆ ಹುಡುಗಿ ಮರೆಟ್, ನಾನು.
ನೋಡುವವರು ಆಡುವವರಿಗಿಂತ ಕಡಿಮೆಯಾದರೆ
ಆಟ ಬಿಡಬಹುದು ಅನ್ನುತ್ತದೆ ಆ ತಂಡದ ಪದ್ಧತಿ.
ಮ್ಯಾನೇಜರ್ ಊರ್ಮಸ್ ಎರಡು ಸಲ ಎಣಿಸಿದ.
ಮೂವರನ್ನು ಎರಡು ಸಲ!

ಆಮೇಲೆ ಹೊರಗೆ ಹೋದ. ಮಾತು ಕೇಳಿಸುತ್ತಿತ್ತು.
"ಕೋಟು ಬಿಟ್ಟು ಹೇಗೆ ಬರಲಿ?"
"ಕೋಟಿನ ಯಜಮಾನರೆಲ್ಲ ಒಳಗಿದ್ದಾರಲ್ಲ ಮಾರಾಯ್ತಿ,
ಕದಿಯುವುದಕ್ಕೆ ಉಳಿದವರು ಯಾರು?"
ಸ್ವಲ್ಪ ಹೊತ್ತು ಸುಮ್ಮನೆ.
ಬಾಗಿಲು ತೆರೆಯಿತು. ಬಂದಳು ಹೆಲ್ವೆ,
ಮೂರು ಕೋಟನ್ನೂ ಎತ್ತಿಕೊಂಡು,
ನಿದ್ದೆಹೋದ ಮಕ್ಕಳನ್ನು ಎತ್ತಿ ತರುವ ಹಾಗೆ.
ನನ್ನ ಮುಂದಿನ ಸಾಲಿನಲ್ಲಿ ಕೂತಳು.

ದೀಪ ಆರಿತು.
ಕಥೆ ಏನೆಂದು ಸರಿಯಾಗಿ ಹೇಳಲಾರೆ,
ಒಬ್ಬಾಕೆ, ಮೂವರು ಅಣ್ಣಂದಿರು, ಮಾರಬೇಕಾದ ಒಂದು ಹಡಗು.
ನಾನು ನೋಡಿದ್ದು ಅವಳ ಹೆಗಲನ್ನು.
ನಿನ್ನೆಯೇ ಗೋಡೆಯಾಚೆ ಕೇಳಿಸಿಕೊಂಡವಳು,
ನಗೆಮಾತು ಬರುವ ಮೊದಲೇ ನಕ್ಕುಬಿಟ್ಟಳು.
ನಟ ತಬ್ಬಿಬ್ಬು. ಮಾತು ನುಂಗಿ, ಮತ್ತೆ ಹುಡುಕಿ ಹೇಳಿದ,
ಈ ಸಲ ಅವಳೊಬ್ಬಳಿಗೇ.

ನಡುವೆ ದೊಡ್ಡಣ್ಣ ಧಡಾರನೆ ಬಾಗಿಲು ಬಡಿದು ಹೋದ.
ಪ್ಲೈವುಡ್ಡಿನ ಬಾಗಿಲು; ಹಿಂದೆ ಗೋಡೆಯೂ ಇಲ್ಲ, ಮನೆಯೂ ಇಲ್ಲ.
"ಅಯ್ಯೋ, ಇಷ್ಟೇನಾ?" ಅಂದಳು ಹೆಲ್ವೆ, ಗಟ್ಟಿಯಾಗಿ.
ನಿನ್ನೆ ಆ ಸದ್ದಿಗೆ ಅವಳು
ಓಕ್ ಮರದ ಬಾಗಿಲು ಮಾಡಿಸಿದ್ದಳು,
ಕಬ್ಬಿಣದ ಚಿಲಕ, ಹಿಂದೊಂದು ಓಣಿ,
ಓಣಿಯ ತುದಿಗೆ ಸಮುದ್ರ.
ಬಡಿದು ಹೋದವನು ಪಕ್ಕದ ಪರದೆ ಸರಿಸಿ ಇಣುಕಿದ.
ಮರೆಟ್ ಕಿಸಕ್ಕನೆ ನಕ್ಕಳು. ವೇದಿಕೆಯ ಮೇಲಿನ ತಂಗಿಯೂ.
ಆಟ ಅಲ್ಲಿಗೆ ಕೆಟ್ಟಿತು ಅಂದುಕೊಂಡೆ.
ಕೆಡಲಿಲ್ಲ.
ಅಲ್ಲಿಂದಾಚೆ ನಾಲ್ವರೂ ಮೆಲುದನಿಯಲ್ಲಿ ಆಡಿದರು,
ಒಂದೇ ಒಲೆಯ ಸುತ್ತ ಕೂತವರಂತೆ.

ಕೊನೆಗೆ ಚಪ್ಪಾಳೆ. ಆರು ಕೈಗಳದ್ದು ಎಷ್ಟಾದೀತು?
ಕೈತುಂಬ ಕೋಟು ಅವಳಿಗೆ,
ಎದ್ದು ನಿಂತು ನೆಲ ಒದೆಯತೊಡಗಿದಳು.
ಹಲಗೆಯ ಸಂದಿನಿಂದ ಹಳೇ ಉಣ್ಣೆಯ ದೂಳೆದ್ದು
ಮೊದಲು ಸೀನಿದ್ದು ಸತ್ತ ತಂದೆಯ ಪಾತ್ರದವನು.

ಹೊರಗೆ ಬಂದು ಮತ್ತೆ ಕಟೆಕಟೆಯ ಹಿಂದೆ ನಿಂತಳು.
"ಬಿಲ್ಲೆ?"
ಕೊಟ್ಟೆ. ನಂಬರು ನೋಡಿಯೇ ಕೋಟು ಕೊಟ್ಟಳು.
ನಾಟಕ ಹೇಗಿತ್ತು ಅಂದೆ.
"ಕೇಳೋಕೆ ಇನ್ನೂ ಚೆನ್ನಾಗಿತ್ತು.
ಆದರೆ ಆ ಹುಡುಗಿಯ ಚಪ್ಪಲಿ ಹರಿದಿದೆ,
ಅದು ನಿನ್ನೆ ಗೊತ್ತಾಗಿರಲಿಲ್ಲ."

ಗಾಳಿ ಇನ್ನೂ ನಿಂತಿರಲಿಲ್ಲ.
ತೋಳು ತೂರಿಸಿದೆ. ಕೋಟು ಬೆಚ್ಚಗಿತ್ತು,
ಯಾರೋ ಆಗಷ್ಟೇ ಬಿಚ್ಚಿಟ್ಟು ಹೋದಂತೆ.